ನೆಗ್ಗು ತೆಗೆದವರ ಚರಿತ್ರೆ

ಊರು ಬಿಟ್ಟು ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮನ್ನು ಬೆರಗಾಗಿಸಿದ ಫಲಕಗಳಲ್ಲಿ 'ಡೆಂಟಿಂಗ್-ಪೇಂಟಿಂಗ್' ಎಂಬುದೂ ಒಂದು. ಕರ್ನಾಟಕದಲ್ಲಿ ಇದೇ ಕಸುಬಿನ ಅಂಗಡಿಯ ಮೇಲೆ 'ಟಿಂಕರಿಂಗ್' ಎಂದು ಬರೆದಿರುತ್ತದೆ. ಚೆನ್ನೈಯ ಗೆಳೆಯರಿಗೂ ಆ ಮಾತೇ ಪರಿಚಿತ. ಇಂಗ್ಲಿಷಿನ ಡೆಂಟ್ ಎಂದರೆ ನೆಗ್ಗು. ಹಾಗಾದರೆ ಡೆಂಟಿಂಗ್ ಎಂದರೆ ನೆಗ್ಗಿಸುವುದು ಎಂದಾಗಬೇಕು. ದುಡ್ಡು ಕೊಟ್ಟು ಕಾರನ್ನು ನೆಗ್ಗಿಸಿಕೊಳ್ಳಲು ಯಾರು ಹೋಗುತ್ತಾರೆಂದು ನಾವು ಆಗ ನಕ್ಕಿದ್ದುಂಟು. ದಕ್ಷಿಣದ ಮಾತು ಇದಕ್ಕಿಂತ ಹಳೆಯ ನೆನಪನ್ನು ಹೊತ್ತಿದೆ. ಟಿಂಕರ್ ಎಂಬುವನು ಇಂಗ್ಲೆಂಡಿನಲ್ಲಿ ಊರೂರು ಅಲೆಯುತ್ತ ತೂತುಬಿದ್ದ ಪಾತ್ರೆಗಳಿಗೆ ತೇಪೆ ಹಾಕುತ್ತಿದ್ದವನು. ಮೋಟಾರಿನ ತಗಡು ತಿದ್ದುವವನ ಪೂರ್ವಜ ಪಾತ್ರೆ ಬಡಿಯುವವನೇ ಎಂಬ ಸಂಗತಿಯನ್ನು ನಮ್ಮ ಬೀದಿಯ ಫಲಕಗಳು ಹೀಗೆ ಕಾಪಾಡಿಕೊಂಡು ಬಂದಿವೆ.

ಪುಣೆಯ ಓದುಗರು ಕಸಬಾ ಪೇಠೆಯ ತಾಂಬಟ ಆಳಿಯ ಸದ್ದನ್ನು ಕೇಳಿರಬಹುದು. ಪೇಶ್ವೆಗಳ ಕಾಲದಿಂದ ಅಲ್ಲಿ ನೆಲೆಸಿದ ತಾಮ್ರಗಾರರು ಹಂಡೆ, ಬಿಂದಿಗೆಗಳ ಮೈಮೇಲೆ ಸಾಲುಸಾಲಾಗಿ ಸುತ್ತಿಗೆಯ ಗುರುತು ಮೂಡಿಸುವ ಕೆಲಸಕ್ಕೆ ಮಠಾರಕಾಮ ಎನ್ನುತ್ತಾರೆ. ಅದು ಕೇವಲ ಅಂದಕ್ಕಾಗಿ ಮಾಡಿದ್ದಲ್ಲ. ಪೆಟ್ಟು ತಿಂದ ಲೋಹ ಗಡಸಾಗುತ್ತದೆ, ಆದ್ದರಿಂದ ಪಾತ್ರೆ ಬಹುಕಾಲ ಬಾಳುತ್ತದೆ. ನಮ್ಮ ಕಂಚುಗಾರರೂ ಬೋಗಾರರೂ ಬಲ್ಲ ಗುಟ್ಟು ಇದು. ಪಾತ್ರೆ ಮಾಡುವವನಿಗೆ ವರವಾದ ಈ ಗುಣವೇ ನೆಗ್ಗು ತೆಗೆಯುವವನಿಗೆ ಶತ್ರು.

ಮೊದಮೊದಲ ಕಾರುಗಳಲ್ಲಿ ಈ ಶತ್ರುವಿನ ಕಾಟ ಹೆಚ್ಚಿರಲಿಲ್ಲ. ಅವುಗಳ ಒಡಲು ಕುದುರೆಸಾರೋಟಿನಂತೆ ಮರದ ಚೌಕಟ್ಟಿನದು. ಕಟ್ಟಿದವರೂ ಬಹುಪಾಲು ಸಾರೋಟು ಕಟ್ಟುವವರೇ. 1840ರಲ್ಲಿ ಮದರಾಸಿನಲ್ಲಿ ಸಾರೋಟು ತಯಾರಿಕೆಗೆಂದು ಆರಂಭವಾದ ಸಿಂಪ್ಸನ್ ಕಂಪನಿ ಮುಂದೆ ಮೋಟಾರಿನ ಕಡೆಗೆ ಹೊರಳಿದ್ದು ಇದೇ ದಾರಿಯಲ್ಲಿ. ಅಮೆರಿಕದ ಎಡ್ವರ್ಡ್ ಬಡ್ ಪೂರ್ತಿ ಉಕ್ಕಿನ ಒಡಲನ್ನು ರೂಪಿಸಿ, 1914ರಲ್ಲಿ ಡಾಜ್ ಸಹೋದರರ ಕಾರು ಅದನ್ನು ಧರಿಸಿ ಹೊರಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಬಡಗಿಯ ಕೈಯಲ್ಲಿದ್ದ ರಿಪೇರಿ ಕ್ರಮೇಣ ಕಮ್ಮಾರನ ಕೈಗೆ ಬಂತು.

ಈ ರಿಪೇರಿಯ ಒಳಗುಟ್ಟನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವುದು ಸರಿಯಲ್ಲ. ನೆಗ್ಗಿದ ತಗಡಿನ ಎಲ್ಲ ಭಾಗವೂ ಸಮನಾಗಿ ಕೆಟ್ಟಿರುವುದಿಲ್ಲ. ಮಡಿಕೆ ಬಿದ್ದ ಗೆರೆಗಳಲ್ಲಿ ಉಕ್ಕು ಶಾಶ್ವತವಾಗಿ ಬಾಗಿ, ಬಾಗಿದಲ್ಲಿ ಗಡಸಾಗಿರುತ್ತದೆ. ಅವುಗಳ ನಡುವಿನ ವಿಸ್ತಾರವಾದ ತಗ್ಗು ಬಹುಮಟ್ಟಿಗೆ ಸೆರೆಸಿಕ್ಕಿದ್ದಷ್ಟೇ. ಗೆರೆಯ ಹಿಡಿತ ಸಡಿಲಿಸಿದರೆ ತಾನಾಗಿಯೇ ಚಿಮ್ಮಿ ಸ್ವಸ್ಥಾನಕ್ಕೆ ಬರಬಲ್ಲದು. ಇದನ್ನರಿಯದ ಹೊಸಬ ತಗ್ಗಿನ ನಟ್ಟನಡುವೆ ಬಡಿಯುತ್ತಾನೆ. ತಗಡು ಹಿಗ್ಗುತ್ತದೆ, ಹಿಗ್ಗಿದ್ದು ಎಲ್ಲಿಯೂ ಅಡಗದೆ, ಒತ್ತಿದಾಗಲೆಲ್ಲ ಎಣ್ಣೆಡಬ್ಬದ ಮುಚ್ಚಳದಂತೆ ಟಕ್ಕೆಂದು ಒಳಗೂ ಹೊರಗೂ ಆಡುತ್ತಿರುತ್ತದೆ. ಬಲ್ಲವನು ಅಪಘಾತವನ್ನು ಹಿಂದುಮುಂದಾಗಿ ಓದುತ್ತಾನೆ. ಕೊನೆಗೆ ಬಿದ್ದ ಮಡಿಕೆಯನ್ನು ಮೊದಲು ಬಿಡಿಸಬೇಕು, ಮೊದಲು ಬಿದ್ದದ್ದನ್ನು ಕೊನೆಗೆ. ಒಳಮೈಗೆ ಡಾಲಿ ಎಂಬ ಉಕ್ಕಿನ ಗಟ್ಟಿಯನ್ನು ಆನಿಸಿ, ಹೊರಗಿನಿಂದ ಹಗುರವಾಗಿ ಸುತ್ತಿಗೆಯಾಡಿಸುವುದು ಆತನ ಕ್ರಮ. ಡಾಲಿ ಇರುವಲ್ಲಿಯೇ ಬಡಿದರೆ ತಗಡು ತೆಳುವಾಗಿ ಹರಡುತ್ತದೆ. ಪಕ್ಕದಲ್ಲಿ ಬಡಿದರೆ ಉಬ್ಬು ಇಳಿದು ತಗ್ಗು ಏಳುತ್ತದೆ. ಹಿಗ್ಗಿದ ಜಾಗವನ್ನು ಗ್ಯಾಸಿನ ಜ್ವಾಲೆಯಿಂದ ಒಂದು ನಾಣ್ಯದಗಲ ಕೆಂಪಗೆ ಕಾಯಿಸಿ, ಸುತ್ತಲೂ ತಟ್ಟಿ, ಒದ್ದೆ ಬಟ್ಟೆಯಿಂದ ತಣಿಸಿದರೆ ಲೋಹ ಕುಗ್ಗುತ್ತದೆ. ಇಷ್ಟನ್ನು ಬರೆಯಲು ನಮಗೆ ಹತ್ತು ಸಾಲು ಸಾಕಾಯಿತು. ಕೈಗೆ ಬರಲು ವರ್ಷಗಳು ಬೇಕು.

ಸ್ವಾತಂತ್ರ್ಯಾನಂತರದ ಭಾರತ ಈ ವಿದ್ಯೆಗೆ ಒದಗಿಸಿಕೊಟ್ಟ ಅನುಕೂಲ ವಿಚಿತ್ರವಾದದ್ದು. 1944ರಲ್ಲಿ ವಾಲಚಂದ್ ಹೀರಾಚಂದ್ ಸ್ಥಾಪಿಸಿದ ಪ್ರೀಮಿಯರ್ ಕಂಪನಿಯ ಕುರ್ಲಾ ಕಾರ್ಖಾನೆಯಿಂದ ಫಿಯೆಟ್ 1100 ಬಂತು. ಅದೇ 1974ರಿಂದ ಪ್ರೀಮಿಯರ್ ಪದ್ಮಿನಿಯಾಯಿತು. ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅಂಬಾಸಡರ್ ತಯಾರಾಗುತ್ತಿತ್ತು. ಉತ್ಪಾದನೆಗೆ ಪರವಾನಗಿಯ ಮಿತಿ, ಆಮದಿಗೆ ನಿರ್ಬಂಧ, ಕೊಳ್ಳುವವನಿಗೆ ವರ್ಷಗಟ್ಟಲೆ ಕಾಯುವ ಸರದಿ. ಅಷ್ಟು ಕಾದು ಪಡೆದ ಕಾರಿನ ಬಾಗಿಲು ನೆಗ್ಗಿತೆಂದು ಹೊಸ ಬಾಗಿಲು ತರುವ ಮಾತೇ ಇರಲಿಲ್ಲ. ವಿನ್ಯಾಸವೂ ದಶಕಗಳ ಕಾಲ ಹೆಚ್ಚು ಬದಲಾಗದ್ದರಿಂದ, ಒಂದು ಪದ್ಮಿನಿಯ ಮಡ್‌ಗಾರ್ಡಿನ ತಿರುವು ಕೈಗೆ ಹತ್ತಿದರೆ ಅದು ಆಜೀವ ವಿದ್ಯೆ. ಸಮಾಜವಾದವು ಯಾರಿಗೆ ಏನು ಕೊಟ್ಟಿತೆಂಬ ಚರ್ಚೆಯಲ್ಲಿ ಡೆಂಟರನ ಹೆಸರು ಬರುವುದಿಲ್ಲ, ಬರಬೇಕಿತ್ತೆಂದು ನಮ್ಮ ಅಭಿಪ್ರಾಯ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳು ಅಷ್ಟು ಕಾಲ ಓಡಿದ್ದರಲ್ಲಿ ಎಂಜಿನ್ನಿನ ಗಟ್ಟಿತನದಷ್ಟೇ ಪಾಲು ಅವುಗಳ ಮೈಯನ್ನು ಮತ್ತೆ ಮತ್ತೆ ತಿದ್ದಿದ ಕೈಗಳದ್ದೂ ಇದೆ.

ಕಸುಬಿಗೆ ಅದರದೇ ಆದ ಮೋಸವೂ ಇತ್ತು. ಸುತ್ತಿಗೆಗೆ ಮಣಿಯದೆ ಉಳಿದ ತಗ್ಗನ್ನು ಹಿಂದೆ ಸೀಸ-ತವರದ ಬೆಸುಗೆ ಕರಗಿಸಿ, ಮರದ ಚಪ್ಪಟೆ ಹಲಗೆಯಿಂದ ಸವರಿ ತುಂಬುತ್ತಿದ್ದರು. ಅದು ಕಷ್ಟದ ಕೆಲಸ; ಅರದಿಂದ ಉಜ್ಜಿದಾಗ ಏಳುವ ಸೀಸದ ಪುಡಿ ವಿಷ. 1950ರ ದಶಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂದ ಮೇಲೆ ತುಂಬುವುದು ಬಡಿಯುವುದಕ್ಕಿಂತ ಸುಲಭವಾಯಿತು. ಸೋಮಾರಿಯಾದವನು ನೆಗ್ಗನ್ನು ಹಾಗೆಯೇ ಬಿಟ್ಟು ಅರ್ಧ ಇಂಚು ಪುಟ್ಟಿ ಮೆತ್ತಿ ಬಣ್ಣ ಹೊಡೆಯಬಹುದಾಗಿತ್ತು. ಹಳೆಯ ಕಾರು ಕೊಳ್ಳುವವರು ಕರ್ಚೀಫಿನಲ್ಲಿ ಅಯಸ್ಕಾಂತವೊಂದನ್ನು ಸುತ್ತಿಕೊಂಡು ಹೋಗಿ ಬಾಗಿಲಿಗೆ ತಾಗಿಸಿ ನೋಡುತ್ತಿದ್ದರು. ಅಂಟದಿದ್ದರೆ ಒಳಗಿರುವುದು ಪುಟ್ಟಿ.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಬಿಡಿಭಾಗಗಳು ಸುಲಭವಾಗಿ ದೊರೆಯತೊಡಗಿದವು, ತಗಡೂ ತೆಳುವಾಯಿತು. ಇಂದಿನ ಕಾರಿನ ಹೊರತಗಡು ಸುಮಾರು 0.7 ಮಿಲಿಮೀಟರ್ ದಪ್ಪ. ಉಕ್ಕು ಹೆಚ್ಚು ಬಲದ್ದು, ಆದ್ದರಿಂದ ಬೇಗ ಮಣಿಯದು. ಒಳಗೊಂದು ತಗಡು ಹೊರಗೊಂದು ತಗಡು ಬೆಸೆದುಕೊಂಡಿರುವ ಕಡೆ ಡಾಲಿ ಹಿಡಿಯಲು ಜಾಗವೇ ಇಲ್ಲ. ಹೊರಗಿನಿಂದ ವಾಷರ್ ಬೆಸೆದು ಎಳೆಯಬೇಕು. ಬಂಪರು ಪ್ಲಾಸ್ಟಿಕ್ಕಿನದು. ವಿಮೆಯ ಲೆಕ್ಕವೂ ಕಸುಬಿಗೆ ಪ್ರತಿಕೂಲವೇ: ಸವಕಳಿ ಕಳೆಯದೆ ಪೂರ್ತಿ ಬೆಲೆ ಕೊಡುವ ಪಾಲಿಸಿ ಇದ್ದವನಿಗೆ ಹಳೆಯದನ್ನು ತಿದ್ದಿಸುವುದಕ್ಕಿಂತ ಹೊಸದನ್ನು ಹಾಕಿಸುವುದೇ ಲಾಭ. ಬಣ್ಣ ಕೆಡಿಸದೆ ಒಳಗಿನಿಂದ ಸರಳು ತೂರಿಸಿ, ದೀಪದ ಪ್ರತಿಬಿಂಬ ನೋಡುತ್ತ ಕೂದಲೆಳೆಯಷ್ಟೇ ಒತ್ತುತ್ತ ಹೋಗುವ ಹೊಸ ಪದ್ಧತಿಯೊಂದು ನಮ್ಮ ನಗರಗಳಿಗೂ ಬಂದಿದೆ. ಆದರೆ ಅದು ಬಣ್ಣ ಬಿರಿಯದ ಸಣ್ಣ ನೆಗ್ಗುಗಳಿಗೆ ಹೊಂದುವಂಥದು.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿದಾಗ ಪತ್ರಿಕೆಗಳು ಕಣ್ಣೀರಿಟ್ಟವು. ವಾಲಚಂದರ ಜೀವನಚರಿತ್ರೆ ಅಚ್ಚಾಗಿದೆ, ಕಾರಿನ ಮಾದರಿಗಳ ಪಟ್ಟಿ ಇದೆ, ಟ್ಯಾಕ್ಸಿಯ ಚಿತ್ರಸಂಪುಟಗಳಿವೆ. ತಗಡು ತಿದ್ದಿದವರ ಬಗ್ಗೆ ಏನಾದರೂ ಬರೆದಿಟ್ಟದ್ದು ಸಿಕ್ಕೀತೇ ಎಂಬ ಕುತೂಹಲದಿಂದ ನಾವು ಕುರ್ಲಾದ ಸಿ.ಎಸ್.ಟಿ. ರಸ್ತೆಯ ಒಳಗಲ್ಲಿಯೊಂದರ ಹಳೆಯ ಉಸ್ತಾದರನ್ನು ಹುಡುಕಿಕೊಂಡು ಹೋದೆವು. ದಶಕಗಳ ಸುತ್ತಿಗೆಯ ಸದ್ದಿನಿಂದ ಅವರ ಕಿವಿ ಬಹಳ ಮಂದವಾಗಿದೆ. ಎಲ್ಲವನ್ನೂ ಎರಡೆರಡು ಸಲ ಕೂಗಿ ಕೇಳಬೇಕಾಯಿತು. ಬಾಗಿಲೊಂದರ ಮೇಲೆ ಹಳೆಯ ಬಟ್ಟೆ ಹಾಸಿ, ಕಣ್ಣು ಮುಚ್ಚಿ, ಅಂಗೈ ಆಡಿಸಿ, ನಮ್ಮ ಕಣ್ಣಿಗೆ ಕಾಣದ ತಗ್ಗುಗಳನ್ನು ಸೀಮೆಸುಣ್ಣದಿಂದ ಗುರುತಿಸಿ ತೋರಿಸಿದರು. ಅವರ ಮಗ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. "ಅವನು ಬಾಗಿಲು ಬಿಚ್ಚುತ್ತಾನೆ, ಬಾಗಿಲು ಹಾಕುತ್ತಾನೆ," ಎಂದಷ್ಟೇ ಹೇಳಿದರು. ದನಿಯಲ್ಲಿ ಹಳಹಳಿಕೆ ಇರಲಿಲ್ಲ. ಮಗನ ಕಿವಿ ಚೆನ್ನಾಗಿದೆ ಎಂಬುದನ್ನೂ ಸೇರಿಸಿದರು.

ಬರೆದಿಟ್ಟದ್ದು ಇತ್ತಂತೆ. ಕೆಲಸ ಆರಂಭಿಸಿದ ವರ್ಷದಿಂದಲೂ ಗಾಡಿಯ ನಂಬರು, ತಿದ್ದಿದ ಭಾಗ, ಪಡೆದ ಹಣ ಇಷ್ಟನ್ನು ಉರ್ದುವಿನಲ್ಲಿ ಲೆಕ್ಕದ ಪುಸ್ತಕಗಳಲ್ಲಿ ಬರೆಯುತ್ತ ಬಂದಿದ್ದರು. 2005ರ ಜುಲೈ 26ರಂದು ಮೀಠಿ ನದಿಯ ನೀರು ಅಂಗಡಿಗೆ ನುಗ್ಗಿ ಅವೆಲ್ಲವನ್ನೂ ತಿಂದುಹಾಕಿತು. ಆಮೇಲಿನದೊಂದು ಪುಸ್ತಕ ಮಾತ್ರ ಅಟ್ಟದ ಮೇಲಿತ್ತು. ಕೇಳಿದಾಗ ಸಂಕೋಚದಿಂದಲೇ ಇಳಿಸಿಕೊಟ್ಟರು. ಅದರ ಹಾಳೆಗಳ ಛಾಯಾಚಿತ್ರ ತೆಗೆದುಕೊಂಡು ಬಂದೆವು. ನಮ್ಮ ಬಳಗದಲ್ಲಿ ಉರ್ದು ಓದಬಲ್ಲ ಬೀದರಿನ ಗೆಳೆಯರೊಬ್ಬರಿದ್ದಾರೆ. ಭಾನುವಾರಗಳಂದು ಅವರು ಒಂದೊಂದೇ ಸಾಲು ಓದಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಎಡಬಾಗಿಲು, ಡಿಕ್ಕಿ, ಬಲ ಮಡ್‌ಗಾರ್ಡ್, ಮತ್ತೆ ಅದೇ ಗಾಡಿಯ ಎಡಬಾಗಿಲು. ಇದುವರೆಗೆ ಮೂವತ್ತೊಂದು ಪುಟಗಳಾಗಿವೆ.