ಮೆಹರಿನ ಬೆಳ್ಳಿ, ಗೋಕಾಕದ ಬಾಳೆಹಣ್ಣು

ಹುಕ್ಕೇರಿಯಲ್ಲಿದ್ದ ನಮ್ಮ ನಾನಿಯ ಟ್ರಂಕಿನಲ್ಲಿ 1938ರ ನಿಕಾಹ್‌ನಾಮಾ ಒಂದಿತ್ತು. ಮೆಹರ್ 127 ರೂಪಾಯಿ. ಅದರ ಮುಂದೆ ಉರ್ದುವಿನಲ್ಲಿ 'ಸಿಕ್ಕಾ ರಾಯಿಜುಲ್ ವಕ್ತ್' ಎಂಬ ಮಾತು. ಆಯಾ ಕಾಲಕ್ಕೆ ಚಲಾವಣೆಯಲ್ಲಿರುವ ನಾಣ್ಯ ಎಂದು ಅರ್ಥ. ಚಿಕ್ಕವರಿದ್ದಾಗ ನಾವು ಇದನ್ನು ಬರೀ ಒಕ್ಕಣೆ ಎಂದುಕೊಂಡಿದ್ದೆವು. ಹಣದ ಬೆಲೆ ಲೋಹದಲ್ಲಿದೆಯೋ, ಮುದ್ರೆಯಲ್ಲಿದೆಯೋ ಎಂಬ ಹಳೆಯ ಜಗಳವೇ ಆ ಮಾತಿನಲ್ಲಿದೆ ಎಂದು ತಿಳಿದದ್ದು ಬಹಳ ತಡವಾಗಿ.

ನಮ್ಮ ಭಾಗಕ್ಕೆ ಈ ಜಗಳ ಹೊಸದಲ್ಲ. ಇಂದು ಕರದಂಟಿಗೂ ಜಲಪಾತಕ್ಕೂ ಹೆಸರಾದ ಗೋಕಾಕದಲ್ಲಿ ಹದಿನೆಂಟನೆಯ ಶತಮಾನದಲ್ಲಿ ಟಂಕಸಾಲೆ ಇತ್ತು. ಅಲ್ಲಿಯ ರೂಪಾಯಿಗಳ ಮೇಲೆ ಫಾರಸಿಯಲ್ಲಿ 'ಆಜಂನಗರ ಗೋಕಾಕ' ಎಂದಿದೆ. ಮೊಘಲರ ಬಲ ಕುಂದಿ ಮರಾಠರ ಕೈ ಮೇಲಾದ ಮೇಲೂ ನಾಣ್ಯಗಳಲ್ಲಿ ದಿಲ್ಲಿಯ ಬಾದಶಹನ ಹೆಸರೇ ಮುಂದುವರಿಯಿತು. ಅಧಿಕಾರ ಹೋದರೂ ಹೆಸರಿನ ಮೇಲೆ ಪೇಟೆಗೆ ನಂಬಿಕೆಯಿತ್ತು. ಆದರೆ ಸರಾಫರು ಹೆಸರೊಂದನ್ನೇ ನಂಬುವವರಲ್ಲ. ನಾಣ್ಯವನ್ನು ತೂಗಿ, ಒರೆಗೆ ಹಚ್ಚಿ, ಸವೆದಿದ್ದರೆ ಬಟ್ಟಾ ಮುರಿದುಕೊಳ್ಳುತ್ತಿದ್ದರು. ಆ ನಷ್ಟ ಬೀಳುತ್ತಿದ್ದುದು ನಾಣ್ಯ ತಂದ ರೈತನ ಮೇಲೆ.

2018ರವರೆಗೆ ಗೋಕಾಕ ತಾಲೂಕಿನಲ್ಲೇ ಇದ್ದ ಮೂಡಲಗಿಯ ದನದ ಸಂತೆಯಲ್ಲಿ ಇನ್ನೊಂದು ಪಾಠವಿದೆ. ಹಳೆಯ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಎತ್ತು ಎಲ್ಲರ ಕಣ್ಣೆದುರಿಗೇ ನಿಂತಿರುತ್ತಿತ್ತು. ಅದರ ಬೆಲೆ ಮಾತ್ರ ಇಬ್ಬರ ಕೈಗಳ ನಡುವೆ.

ಮತ್ತೆ ಮೆಹರಿಗೆ ಬರೋಣ. 1938ರ ರೂಪಾಯಿಯ ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧಕಾಲದಲ್ಲಿ, 1940ರಲ್ಲಿ, ಸರ್ಕಾರ ಅದನ್ನು ಅರ್ಧಕ್ಕಿಳಿಸಿತು. 1947ರ ರೂಪಾಯಿ ಪೂರಾ ನಿಕ್ಕಲ್. ಹೆಸರು ಮಾತ್ರ ಅದೇ ರೂಪಾಯಿ. ನಮ್ಮ ನಾನಾ ಮೆಹರ್ ಕೊಟ್ಟದ್ದು 1970ರ ದಶಕದಲ್ಲಿ, ಹಾಸಿಗೆ ಹಿಡಿದ ಮೇಲೆ: 127 ರೂಪಾಯಿ, ಕಾಗದದ ನೋಟುಗಳಲ್ಲಿ. ಬರೆದದ್ದರ ಪ್ರಕಾರ ಸಾಲ ಚುಕ್ತಾ. ನಿಕಾಹ್‌ನ ದಿನವೇ ಕೊಟ್ಟಿದ್ದರೆ ನಾನಿಯ ಕೈಗೆ ಸುಮಾರು 1.36 ಕಿಲೋ ಶುದ್ಧ ಬೆಳ್ಳಿ ಬರುತ್ತಿತ್ತು. ನಾನಿ ಎಣಿಸಲೂ ಇಲ್ಲ, ನೋಟುಗಳನ್ನು ಸೆರಗಿಗೆ ಕಟ್ಟಿಕೊಂಡರು.

ಇಂದಿನ ಕೆಲವು ಕಲಾವಿದರು ಇದೇ ಗಂಟನ್ನು ಬಿಚ್ಚಿ ತೋರಿಸಿದ್ದಾರೆ. ಅಮೆರಿಕದ ಜೆ.ಎಸ್.ಜಿ. ಬಾಗ್ಸ್ ನೋಟಿನ ಚಿತ್ರವನ್ನು ಕೈಯಾರೆ ಬರೆದು, ಅದನ್ನೇ ಕೊಟ್ಟು ಊಟ ಮಾಡುತ್ತಿದ್ದರು. ಲಂಡನ್ನಿನಲ್ಲಿ ಅವರ ಮೇಲೆ ಮೊಕದ್ದಮೆ ನಡೆದು 1987ರಲ್ಲಿ ಖುಲಾಸೆಯಾಯಿತು. ಇಟಲಿಯ ಮೌರಿಜಿಯೊ ಕ್ಯಾಟೆಲಾನ್ 2019ರಲ್ಲಿ ಮಯಾಮಿಯಲ್ಲಿ ಒಂದು ಬಾಳೆಹಣ್ಣನ್ನು ಗೋಡೆಗೆ ಟೇಪಿನಿಂದ ಅಂಟಿಸಿದರು. ಬೆಲೆ 1,20,000 ಡಾಲರ್. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಆ ಕೃತಿಯ ಒಂದು ಪ್ರತಿ 62 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಕೆಲವೇ ದಿನಗಳಲ್ಲಿ ಹಣ್ಣನ್ನು ತಿಂದರು. ನಷ್ಟವೇನೂ ಆಗಲಿಲ್ಲ. ಅವರು ಕೊಂಡದ್ದು ಹಣ್ಣನ್ನಲ್ಲ, ಒಂದು ಪ್ರಮಾಣಪತ್ರವನ್ನು. ಬೇಕೆಂದಾಗ ಇನ್ನೊಂದು ಹಣ್ಣು ಅಂಟಿಸಬಹುದು.

ಗೋಕಾಕದಲ್ಲೂ ಬಾಳೆಹಣ್ಣು ಮಾಡುವವರಿದ್ದಾರೆ. ಕಟ್ಟಿಗೆ ಕೆತ್ತಿ ಬಣ್ಣ ಹಚ್ಚಿದ ಆ ಹಣ್ಣನ್ನು ಕಂಡ ಮಕ್ಕಳು ತಿನ್ನಲು ಕೈ ಚಾಚುತ್ತಾರೆ. ಅದು ಕೊಳೆಯುವುದಿಲ್ಲ. ಅದಕ್ಕೆ ಪ್ರಮಾಣಪತ್ರವಿಲ್ಲ, ಮಾಡಿದವನ ಹೆಸರೂ ಅದರ ಮೇಲಿಲ್ಲ. ಸಂಜೆಯ ರೊಟ್ಟಿಗಾಗಿ ಅವನು ಕೇಳಿದ ಬೆಲೆಗೆ ಕೊಡುತ್ತಾನೆ. ಬೆಲೆ ನಂಬಿಕೆಯಿಂದ ಹುಟ್ಟುತ್ತದೆ ಎನ್ನುವುದು ನಿಜವೇ. ಆದರೆ ಮುದ್ರೆ ಒತ್ತುವ ಅಧಿಕಾರ ಯಾರ ಕೈಯಲ್ಲಿದೆ, ಬಟ್ಟಾ ಯಾರಿಗೆ ಬೀಳುತ್ತದೆ ಎಂದೂ ಕೇಳಬೇಕಲ್ಲವೇ?

ಕಳೆದ ವರ್ಷ ತಂಗಿಯ ಮಗಳ ನಿಕಾಹ್‌ನಲ್ಲಿ ಖಾಜಿ ಸಾಹೇಬರು ಲೇಖನಿ ಎತ್ತಿದಾಗ ನಾವು ಒಂದೇ ಮಾತು ಬಿನ್ನವಿಸಿದೆವು: "ಹಜರತ್, ಮೆಹರನ್ನು ರೂಪಾಯಿಯಲ್ಲಿ ಬೇಡ, ಬೆಳ್ಳಿಯ ತೂಕದಲ್ಲಿ ಬರೆಯಿರಿ." ಅವರು ಹುಡುಗನ ಮುಖ ನೋಡಿದರು. ಅವನು ಒಪ್ಪಿದ. ಬೆಳ್ಳಿಯನ್ನು ಅಂದೇ ತೂಗಿ ಕೊಟ್ಟರು.