ಟ್ಯುಲಿಪ್ ಹೂವಿನ ಊರಿನಿಂದ ಹೊರಟ ತಂದೆ: 'ಹಾರ್ಡ್‌ಕೋರ್' ಚಿತ್ರದ ಮರುನೋಟ



ಈ ಬಾರಿಯ ಶೀರ್ಷಿಕೆಯನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಸಮಾಜ ವಿಜ್ಞಾನವನ್ನು ಬೋಧಿಸಿ ನಿವೃತ್ತರಾದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಇದೇನು ಬಂತು ಎಂದು ಬಂಧುಗಳೂ ಗೊಣಗಬಹುದು. 1994ರಲ್ಲಿ ಈ ಚಿತ್ರದ ಕ್ಯಾಸೆಟ್ಟನ್ನು ಬಾಡಿಗೆಗೆ ಕೇಳಿದಾಗ ಅಂಗಡಿಯ ಹುಡುಗನೂ ಹೀಗೆಯೇ ನಕ್ಕು, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟಿದ್ದ. ಅವನ ತಪ್ಪಲ್ಲ, ಹೆಸರೇ ಹಾಗಿದೆ. ಮೊನ್ನೆ ಮಗನ ಲ್ಯಾಪ್‌ಟಾಪಿನಲ್ಲಿ ಮತ್ತೊಮ್ಮೆ ನೋಡಿದಾಗ, ಇದು ನೀಲಿಚಿತ್ರಗಳ ಲೋಕದ ಕಥೆ ಎನ್ನುವುದಕ್ಕಿಂತ ಒಂದು ಮತದ, ಒಂದು ಊರಿನ, ಒಬ್ಬ ತಂದೆಯ ಇತಿಹಾಸವೆಂದು ಅನ್ನಿಸಿತು. ಆದ್ದರಿಂದ ಈ ಬರಹ.

1979ರಲ್ಲಿ ತೆರೆಗೆ ಬಂದ 'ಹಾರ್ಡ್‌ಕೋರ್' ಚಿತ್ರವನ್ನು ಬರೆದು ನಿರ್ದೇಶಿಸಿದವರು ಪಾಲ್ ಶ್ರೇಡರ್. 1976ರ 'ಟ್ಯಾಕ್ಸಿ ಡ್ರೈವರ್' ಚಿತ್ರಕಥೆಯೂ ಅವರದೇ. ಕಥೆ ಸರಳವಾದುದು. ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ ಪೀಠೋಪಕರಣ ಉದ್ಯಮಿ ಜೇಕ್ ವ್ಯಾನ್ ಡಾರ್ನ್ ದೈವಭೀರು, ಮಿತಭಾಷಿ, ಪತ್ನಿ ಜೊತೆಗಿಲ್ಲ. ಒಬ್ಬಳೇ ಮಗಳು ಕ್ರಿಸ್ಟನ್ ಚರ್ಚಿನ ಯುವಸಮಾವೇಶಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋದವಳು ಅಲ್ಲಿ ಕಣ್ಮರೆಯಾಗುತ್ತಾಳೆ. ಪೊಲೀಸರಿಂದ ಹೆಚ್ಚೇನೂ ಆಗದೆ ತಂದೆ ಖಾಸಗಿ ಪತ್ತೇದಾರನನ್ನು ನೇಮಿಸುತ್ತಾನೆ. ಕೆಲವು ವಾರಗಳ ನಂತರ ಆ ಪತ್ತೇದಾರ ಒಂದು ಸಣ್ಣ 8 ಮಿ.ಮೀ. ಚಿತ್ರದ ಸುರುಳಿಯೊಂದಿಗೆ ಊರಿಗೆ ಬಂದು, ಖಾಲಿ ಚಿತ್ರಮಂದಿರದಲ್ಲಿ ತಂದೆಯನ್ನು ಕೂರಿಸಿ ತೋರಿಸುತ್ತಾನೆ. ತೆರೆಯ ಮೇಲೆ ಇರುವವಳು ಮಗಳು.

ತಂದೆಯ ಪಾತ್ರ ವಹಿಸಿದವರು ಜಾರ್ಜ್ ಸಿ. ಸ್ಕಾಟ್. 'ಪ್ಯಾಟನ್' ಚಿತ್ರದ ಅಭಿನಯಕ್ಕೆ ಬಂದ ಆಸ್ಕರ್ ಪ್ರಶಸ್ತಿಯನ್ನು ಬೇಡವೆಂದು ತಿರಸ್ಕರಿಸಿದ ಮಹಾನುಭಾವರು. ಆ ದೃಶ್ಯದಲ್ಲಿ ನಿರ್ದೇಶಕರು ಕ್ಯಾಮೆರಾವನ್ನು ಹೆಚ್ಚಾಗಿ ತೆರೆಯ ಕಡೆಗಲ್ಲ, ತಂದೆಯ ಮುಖದ ಕಡೆಗೆ ತಿರುಗಿಸಿದ್ದಾರೆ. ನಿಲ್ಲಿಸು, ಆರಿಸು ಎಂದು ಅವನು ಕೂಗಿಕೊಳ್ಳುವುದನ್ನು ನೋಡುವಾಗ ನನಗೆ 1994ರಲ್ಲಿಯೂ ಬೇರೊಬ್ಬ ತಂದೆಯ ನೆನಪಾಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಊರಿನ ಮಾತು. ಗ್ರ್ಯಾಂಡ್ ರ‍್ಯಾಪಿಡ್ಸ್ ನಗರಕ್ಕೆ 'ಪೀಠೋಪಕರಣಗಳ ನಗರ' ಎಂಬ ಬಿರುದು ಇದೆ. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಶತಮಾನೋತ್ಸವದ ಪ್ರದರ್ಶನದ ಬಳಿಕ ಅಲ್ಲಿಯ ಮರಗೆಲಸ ದೇಶಕ್ಕೆಲ್ಲ ಪರಿಚಿತವಾಯಿತು. ಅದೇ ಶತಮಾನದ ನಡುವಿನಿಂದ ಹಾಲೆಂಡಿನ ಕಟ್ಟುನಿಟ್ಟಿನ ಕ್ಯಾಲ್ವಿನ್ ಮತಸ್ಥರು ಪಶ್ಚಿಮ ಮಿಶಿಗನ್ನಿಗೆ ವಲಸೆ ಬರತೊಡಗಿದ್ದರು. 1857ರಲ್ಲಿ ಅವರಲ್ಲಿಯೇ ಒಂದು ಗುಂಪು ಬೇರೆಯಾಗಿ ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚನ್ನು ಕಟ್ಟಿಕೊಂಡಿತು. ಕಾರ್ಖಾನೆಗಳ ದುಡಿಮೆಗಾರರಲ್ಲಿ ಇವರ ಸಂಖ್ಯೆ ದೊಡ್ಡದಾಗಿತ್ತು. 1911ರಲ್ಲಿ ಅಲ್ಲಿ ದೊಡ್ಡ ಮುಷ್ಕರ ನಡೆದಾಗ ಈ ಚರ್ಚು ಕಾರ್ಮಿಕ ಸಂಘದ ಪರವಾಗಿ ನಿಲ್ಲಲಿಲ್ಲ. ಲೌಕಿಕರ ಸಂಘಟನೆಯೊಂದಿಗೆ ಭಕ್ತರು ಬೆರೆಯಬಾರದೆಂಬುದು ಅವರ ನಿಲುವು.

ಬೆರೆಯಬಾರದೆಂಬ ಈ ಭಾವವೇ ಸಿನಿಮಾಕ್ಕೂ ಅನ್ವಯವಾಯಿತು. 1928ರಲ್ಲಿ ಆ ಚರ್ಚಿನ ಮಹಾಸಭೆಯು ನಾಟಕ-ಸಿನಿಮಾ, ನೃತ್ಯ ಮತ್ತು ಇಸ್ಪೀಟು ಈ ಮೂರನ್ನೂ ಲೌಕಿಕ ವಿನೋದಗಳೆಂದು ಹೆಸರಿಸಿ ಎಚ್ಚರಿಕೆ ನೀಡಿತು. ಚಲನಚಿತ್ರವನ್ನೂ ಒಂದು ಕಲೆಯೆಂದು ಪರಿಗಣಿಸಿ ಆ ಬಿಗಿಯನ್ನು ಸಡಿಲಿಸುವುದಕ್ಕೆ 1966ರವರೆಗೆ ಕಾಯಬೇಕಾಯಿತು. ಶ್ರೇಡರ್ 1946ರಲ್ಲಿ ಇದೇ ಊರಿನಲ್ಲಿ, ಇದೇ ಚರ್ಚಿನ ಮನೆಯಲ್ಲಿ ಹುಟ್ಟಿದವರು. ಹದಿನೇಳರ ಆಸುಪಾಸಿನವರೆಗೆ ಅವರು ಒಂದು ಚಲನಚಿತ್ರವನ್ನೂ ನೋಡಿರಲಿಲ್ಲವಂತೆ! ಅಂಥವರು ಮುಂದೆ ಓಜು, ಬ್ರೆಸ್ಸೋನ್, ಡ್ರೇಯರ್ ಎಂಬ ಮೂವರು ನಿರ್ದೇಶಕರನ್ನು ಕುರಿತು 1972ರಲ್ಲಿ ವಿದ್ವತ್ಪೂರ್ಣ ಗ್ರಂಥವನ್ನು ಬರೆದರು. ನಿಷೇಧಿಸಿದ ಹಣ್ಣು ಹೆಚ್ಚು ರುಚಿ ಎಂಬ ಮಾತನ್ನು ಇಲ್ಲಿ ಅನ್ವಯಿಸಿ ಮುಗಿಸಿಬಿಡಬಹುದು, ಆದರೆ ಅಷ್ಟು ಸುಲಭವಿಲ್ಲ. ಚಿತ್ರದ ಮೊದಲ ಹದಿನೈದು ನಿಮಿಷಗಳನ್ನು ನೋಡಿ. ಹಿಮ, ಕ್ರಿಸ್‌ಮಸ್ ಹಬ್ಬ, ಒಟ್ಟಿಗೆ ಊಟಕ್ಕೆ ಕುಳಿತ ಬಂಧುಗಳು, ದೇವತಾಶಾಸ್ತ್ರವನ್ನು ಚರ್ಚಿಸುವ ಹಿರಿಯರು. ಅಪಹಾಸ್ಯದ ಒಂದು ಎಳೆಯೂ ಅಲ್ಲಿಲ್ಲ. ಬಿಟ್ಟುಬಂದ ಮನೆಯನ್ನು ಇಷ್ಟು ಗೌರವದಿಂದ ಚಿತ್ರಿಸಿದವರು ವಿರಳ.

ಇನ್ನು ಆ ಇನ್ನೊಂದು ಲೋಕ. ಮಗಳನ್ನು ಹುಡುಕುತ್ತ ತಂದೆ ಲಾಸ್ ಏಂಜಲೀಸ್ ಬೀದಿಗಳಲ್ಲಿ ಅಲೆಯುತ್ತಾನೆ. ಕೊನೆಗೆ ಕೃತಕ ಮೀಸೆ ಅಂಟಿಸಿಕೊಂಡು, ತಾನೇ ನೀಲಿಚಿತ್ರಗಳ ನಿರ್ಮಾಪಕನೆಂದು ವೇಷ ಹಾಕಿ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾನೆ. ಆ ವ್ಯಾಪಾರ ಅಷ್ಟು ಬಹಿರಂಗವಾಗಿ ನಡೆಯಲು ಕಾರಣವೇನು? 1973ರ 'ಮಿಲ್ಲರ್ ವಿರುದ್ಧ ಕ್ಯಾಲಿಫೋರ್ನಿಯಾ' ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಅಂಚೆಯಲ್ಲಿ ಅಶ್ಲೀಲ ಜಾಹೀರಾತುಗಳನ್ನು ಕಳುಹಿಸುತ್ತಿದ್ದ ವ್ಯಾಪಾರಿಯೊಬ್ಬನ ಲಕೋಟೆಯನ್ನು ಉಪಾಹಾರಗೃಹವೊಂದರ ವ್ಯವಸ್ಥಾಪಕರೂ ಅವರ ತಾಯಿಯೂ ತೆರೆದು ನೋಡಿ ದೂರು ಕೊಟ್ಟಿದ್ದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದು-ನಾಲ್ಕರ ಬಹುಮತದಿಂದ, ಯಾವುದು ಅಶ್ಲೀಲವೆಂಬುದನ್ನು ಆಯಾ ಸಮುದಾಯದ ಮಾನದಂಡದಿಂದ ಅಳೆಯಬಹುದೆಂದು ತೀರ್ಪಿತ್ತಿತು. ಅಂದರೆ ಒಂದೇ ದೇಶದೊಳಗೆ ಅನೇಕ ಅಳತೆಗೋಲುಗಳು. ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಅಪರಾಧವಾಗುವುದು ಲಾಸ್ ಏಂಜಲೀಸ್‌ನಲ್ಲಿ ಅಂಗಡಿಯ ಸರಕಾಗಬಹುದು. ವ್ಯಾನ್ ಡಾರ್ನ್ ಕೈಗೊಳ್ಳುವ ಪ್ರಯಾಣ ಈ ಎರಡು ಅಳತೆಗೋಲುಗಳ ನಡುವಿನದು.

ಮನೆಬಿಟ್ಟ ಮಕ್ಕಳ ಸಂಗತಿಯೂ ಆ ದಶಕದ ಗಾಯವೇ. 1973ರಲ್ಲಿ ಹ್ಯೂಸ್ಟನ್ ನಗರದಲ್ಲಿ ಕೊಲೆಯಾದ ಕನಿಷ್ಠ 27 ಹುಡುಗರ ಶವಗಳು ಸಿಕ್ಕಿದವು. ಅವರಲ್ಲಿ ಅನೇಕರ ತಂದೆತಾಯಿಯರು ದೂರು ಕೊಟ್ಟಿದ್ದರೂ, ಮನೆಬಿಟ್ಟು ಓಡಿಹೋದವರೆಂದು ಪೊಲೀಸರು ಕಡತ ಮುಚ್ಚಿದ್ದರು. ಮರುವರ್ಷವೇ ಓಡಿಹೋದ ಮಕ್ಕಳ ಆಶ್ರಯಕ್ಕಾಗಿ ಕೇಂದ್ರ ಶಾಸನ ಬಂತು. ಮಕ್ಕಳನ್ನು ಇಂಥ ಚಿತ್ರಗಳಲ್ಲಿ ಬಳಸುವುದನ್ನು ತಡೆಯುವ ಮೊದಲ ಕೇಂದ್ರ ಕಾನೂನಿಗೆ ಅಂಕಿತ ಬಿದ್ದದ್ದು 1978ರಲ್ಲಿ, ಅಂದರೆ ಈ ಚಿತ್ರ ಬಿಡುಗಡೆಯಾಗುವ ಒಂದು ವರ್ಷ ಹಿಂದೆ ಮಾತ್ರ. ಅದೂ ಹದಿನಾರರೊಳಗಿನ ಮಕ್ಕಳಿಗೆ. ಹದಿನೆಂಟಕ್ಕೆ ಏರಿದ್ದು 1984ರಲ್ಲಿ.

ಚಿತ್ರದ ದೋಷವನ್ನೂ ಹೇಳಬೇಕು. ಕೊನೆಯ ಭಾಗದಲ್ಲಿ ರಾಟನ್ ಎಂಬ ಖಳನು ಬರುತ್ತಾನೆ. ಕ್ಯಾಮೆರಾದ ಮುಂದೆ ನಿಜವಾಗಿಯೇ ಕೊಲೆ ಮಾಡಿ ಆ ಚಿತ್ರವನ್ನು ಮಾರುವವನು. 1976ರಲ್ಲಿ 'ಸ್ನಫ್' ಎಂಬ ಚಿತ್ರದ ಹಂಚಿಕೆದಾರರು ಇಂಥದೇ ವದಂತಿಯನ್ನು ಪ್ರಚಾರಕ್ಕೆ ಬಳಸಿದ್ದರು. ನ್ಯೂಯಾರ್ಕಿನ ಸರ್ಕಾರಿ ವಕೀಲರು ವಿಚಾರಿಸಿದಾಗ, 'ಕೊಲೆಯಾದ' ನಟಿ ಜೀವಂತವಾಗಿಯೇ ಇದ್ದಳು. ಶ್ರೇಡರ್ ಆ ವದಂತಿಯನ್ನು ಸತ್ಯವೆಂಬಂತೆ ಕಥೆಗೆ ಸೇರಿಸಿಕೊಂಡದ್ದರಿಂದ, ಅಷ್ಟು ಹೊತ್ತು ಸಾಕ್ಷ್ಯಚಿತ್ರದಂತೆ ನಡೆದ ಕಥನ ಹೊಡೆದಾಟದ ಸಿನಿಮಾ ಆಗಿಬಿಡುತ್ತದೆ. ಆ ವ್ಯಾಪಾರದ ನಿಜವಾದ ಕ್ರೌರ್ಯ ಬೇಸರದ, ಗುಮಾಸ್ತಿಕೆಯ ಕ್ರೌರ್ಯ. ಅದನ್ನು ಚಿತ್ರದ ನಡುಭಾಗ ಚೆನ್ನಾಗಿ ತೋರಿಸಿತ್ತು.

ನಿಕಿ ಎಂಬ ಹುಡುಗಿಯ ಪ್ರಸಂಗವೇ ನನಗೆ ಇಡೀ ಚಿತ್ರದ ಹೃದಯ. ದಾರಿ ತೋರಿಸಲೆಂದು ಹಣಕ್ಕೆ ಜೊತೆಯಾದ ವೇಶ್ಯೆ ಅವಳು; ಸೀಸನ್ ಹಬ್ಲಿ ಎಂಬ ನಟಿ ಅದನ್ನು ನಿರ್ವಹಿಸಿದ್ದಾರೆ. ವಿಮಾನ ನಿಲ್ದಾಣದಲ್ಲಿ ಕುಳಿತು ಅವಳು, ನಿನ್ನ ಮತ ಏನು ಹೇಳುತ್ತದೆ ಎಂದು ಕೇಳುತ್ತಾಳೆ. ಅವನು ಟ್ಯುಲಿಪ್ ಎಂಬ ಐದು ಅಕ್ಷರಗಳನ್ನು ಬಿಡಿಸಿ ಹೇಳುತ್ತಾನೆ: ಮನುಷ್ಯನ ಸಂಪೂರ್ಣ ಪತನ, ಅರ್ಹತೆಯನ್ನು ನೋಡದ ದೈವದ ಆಯ್ಕೆ, ಆಯ್ದವರಿಗೆ ಮಾತ್ರ ಪ್ರಾಯಶ್ಚಿತ್ತ, ತಡೆಯಲಾಗದ ಕೃಪೆ, ಭಕ್ತರ ಅಚ್ಯುತ ಸ್ಥಿತಿ. 1618-19ರಲ್ಲಿ ಡಾರ್ಟ್ ನಗರದ ಮಹಾಸಭೆ ನಿಶ್ಚಯಿಸಿದ ಸಿದ್ಧಾಂತಗಳಿಗೆ ಬಹುಕಾಲದ ಬಳಿಕ ಇಂಗ್ಲಿಷಿನಲ್ಲಿ ಹೊಂದಿಸಿದ ನೆನಪಿನ ಸೂತ್ರವಿದು. ಹಾಲೆಂಡಿನ ಹೂವಿನ ಹೆಸರೂ ಆದದ್ದು ಒಂದು ಸೊಗಸು. ಎಲ್ಲವನ್ನೂ ಕೇಳಿದ ನಿಕಿ, ತನ್ನ ಪಾಡೇ ಕೆಟ್ಟದ್ದೆಂದುಕೊಂಡಿದ್ದೆ ಎಂಬರ್ಥದಲ್ಲಿ ಉದ್ಗರಿಸುತ್ತಾಳೆ. ದೇಹಸಂಬಂಧಕ್ಕೆ ಏನೂ ಮಹತ್ವವಿಲ್ಲವೆಂದು ನೀನು ಅದನ್ನು ಬಿಟ್ಟಿದ್ದೀಯೆ, ಮಹತ್ವವಿಲ್ಲವೆಂದೇ ನಾನು ಯಾರೊಂದಿಗಾದರೂ ಹೋಗುತ್ತೇನೆ, ನಾವಿಬ್ಬರೂ ಒಂದೇ ಎಂದು ಅವಳು ವಾದಿಸುವುದೂ ಉಂಟು. ಅವನ ಬಳಿ ಉತ್ತರವಿಲ್ಲ. ತನ್ನನ್ನು ಕೈಬಿಡುವುದಿಲ್ಲ ಎಂಬ ನಂಬಿಕೆ ಅವಳಲ್ಲಿ ಹುಟ್ಟುತ್ತದೆ. ಮಗಳು ಸಿಕ್ಕ ಮೇಲೆ ಅವನು ಅವಳನ್ನು ಬೀದಿಯಲ್ಲಿಯೇ ಬಿಟ್ಟು ಹೋಗುತ್ತಾನೆ.

ಮಗಳು ಸಿಗುವುದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಯಾರೂ ತನ್ನನ್ನು ಎಳೆದು ತರಲಿಲ್ಲ, ತಾನಾಗಿಯೇ ಬಂದೆ ಎಂದು ಅವಳು ತಂದೆಯ ಮುಖಕ್ಕೇ ಹೇಳುತ್ತಾಳೆ. ಅವನು ಅತ್ತು, ಪ್ರೀತಿಯನ್ನು ತೋರಿಸಲು ತನಗೆ ಬಾರದೆಂದು ಒಪ್ಪಿಕೊಂಡ ಮೇಲೆ ಜೊತೆಯಲ್ಲಿ ಹೊರಡುತ್ತಾಳೆ. ಶ್ರೇಡರ್ ಮೊದಲು ಬರೆದ ಅಂತ್ಯ ಬೇರೆಯಿತ್ತು. ಮಗಳು ಈ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಕಾರು ಅಪಘಾತದಲ್ಲಿ ಸತ್ತಿರುತ್ತಾಳೆ. ತಂದೆ ಬರಿಗೈಯಲ್ಲಿ ಹಿಂದಿರುಗುತ್ತಾನೆ. ನಿರ್ಮಾಣ ಸಂಸ್ಥೆ ಒಪ್ಪಲಿಲ್ಲ. ಬದಲಾದ ಅಂತ್ಯದ ಬಗ್ಗೆ ಅವರಿಗೆ ಕೊನೆಗೂ ಸಮಾಧಾನವಾಗಲಿಲ್ಲ. ವಿಮರ್ಶಕರು ಅವರ ಪಕ್ಷ. ನಾನು ಮಾತ್ರ ಈ ಒಂದು ವಿಷಯದಲ್ಲಿ ನಿರ್ಮಾಪಕರ ಪಕ್ಷ. ಕಾರಣ ಹೇಳುತ್ತೇನೆ.

1991ರಲ್ಲಿ ನನ್ನ ತರಗತಿಯ ಒಬ್ಬ ಹುಡುಗ ಮನೆಬಿಟ್ಟು ಮುಂಬಯಿಗೆ ಹೋದ. ಮೂರನೆಯ ದಿನ ಅವನ ತಂದೆ ಶಾಲೆಗೆ ಬಂದು ನನ್ನೆದುರು ಕುಳಿತರು. ಹೊಲದಿಂದ ನೇರವಾಗಿ ಬಂದಿದ್ದರು, ಕಾಲಲ್ಲಿ ಮಣ್ಣು ಒಣಗಿತ್ತು. "ನಿಮ್ಮ ಹತ್ತಿರ ಏನಾದರೂ ಹೇಳಿದ್ದನೇ ಸ್ವಾಮೀ?" ಎಂದು ಕೇಳಿದರು. ಇಲ್ಲ ಎಂದೆ. ಅವನು ಹೇಳಿರಲಿಲ್ಲ, ನಿಜ. ಆದರೆ ಹಿಂದಿನ ವಾರ ಅವನ ಪುಸ್ತಕದಲ್ಲಿ ಸಿಕ್ಕ ಸಿನಿಮಾ ಟಿಕೆಟ್ಟನ್ನು ಇಡೀ ತರಗತಿಗೆ ಎತ್ತಿ ತೋರಿಸಿ, ನಾಲ್ಕು ಪೀರಿಯಡ್ ಹೊರಗೆ ನಿಲ್ಲಿಸಿದವನು ನಾನು. ಅದನ್ನು ಆ ತಂದೆಗೆ ಹೇಳಲಿಲ್ಲ. ಅವರು ಎರಡು ಬಾರಿ ಮುಂಬಯಿಗೆ ಹೋಗಿ ಬಂದರು. ಏಳು ತಿಂಗಳ ಮೇಲೆ ಹುಡುಗ ತಾನಾಗಿಯೇ ಬಂದ. ಅವರ ಮನೆಯಲ್ಲಿ ನನ್ನನ್ನು ಕರೆದು ಊಟ ಹಾಕಿದರು. ಹೋಳಿಗೆ ಬಡಿಸುತ್ತ ಆ ತಾಯಿ, ನಿಮ್ಮ ಆಶೀರ್ವಾದ ಎಂದರು. ಆಗಲೂ ಹೇಳಲಿಲ್ಲ.

ಆ ತಂದೆ ಈಗಿಲ್ಲ. ಹುಡುಗನಿಗೆ ಐವತ್ತರ ಹತ್ತಿರ ವಯಸ್ಸು. ಈ ಪುಟಗಳನ್ನು ತಪ್ಪದೆ ಓದುತ್ತಾನೆಂದು ಬಲ್ಲೆ. ಟಿಕೆಟ್ಟು ಇನ್ನೂ ನನ್ನ ಹಳೆಯ ದಿನಚರಿಯಲ್ಲಿದೆ.