ಕಡಲ್ಗಳ್ಳನಾಗಲು ಒಪ್ಪದ ವೈದ್ಯ

ಹಡಗುಗಳ ಕಾಳಗ, ಕತ್ತಿವರಸೆ, ಕೊನೆಗೆ ನಾಯಕನ ಗೆಲುವು. ಮೈಕೆಲ್ ಕರ್ಟಿಜ್ ನಿರ್ದೇಶಿಸಿದ 1935ರ ಹಾಲಿವುಡ್ ಚಿತ್ರ 'ಕ್ಯಾಪ್ಟನ್ ಬ್ಲಡ್'ನಲ್ಲಿ ಇವೆಲ್ಲವೂ ಇವೆ. ಎರಲ್ ಫ್ಲಿನ್‌ಗೆ ತಾರಾಪಟ್ಟ ದೊರಕಿಸಿದ ಚಿತ್ರವಿದು. ಆದರೆ ಇದಕ್ಕೆ ಆಧಾರವಾದ ರಫಾಯೆಲ್ ಸಬಾಟಿನಿಯ 1922ರ ಕಾದಂಬರಿಯ ಹಿಂದೆ ನಿಜವಾಗಿ ನಡೆದ ಅನ್ಯಾಯವೊಂದಿದೆ.

1685ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಜೇಮ್ಸ್‌ನ ವಿರುದ್ಧ ಅವನ ಅಣ್ಣನ ಮಗ, ಮನ್ಮತ್‌ನ ಡ್ಯೂಕ್, ದಂಗೆಯೆದ್ದ. ಅವನ ಬೆನ್ನಿಗೆ ನಿಂತವರಲ್ಲಿ ನೇಕಾರರು, ರೈತರು, ಕುಶಲಕರ್ಮಿಗಳೇ ಹೆಚ್ಚು. ಜುಲೈ 6ರಂದು ಸೆಜ್‌ಮೂರ್ ಬಯಲಿನಲ್ಲಿ ಈ ಪಡೆ ನುಚ್ಚುನೂರಾಯಿತು. ನ್ಯಾಯಾಧೀಶ ಜೆಫ್ರೀಸ್ ನಡೆಸಿದ ವಿಚಾರಣೆಗಳಿಗೆ 'ರಕ್ತಸಿಕ್ತ ನ್ಯಾಯಾಲಯ' ಎಂಬ ಹೆಸರೇ ಉಳಿಯಿತು. ನೂರಾರು ಜನ ಗಲ್ಲಿಗೇರಿದರು. ಸುಮಾರು 800 ಜನರನ್ನು ವೆಸ್ಟ್ ಇಂಡೀಸ್‌ನ ತೋಟಗಳಿಗೆ ಸಾಗಿಸಿ ಮಾರಲಾಯಿತು.

ಅವರಲ್ಲಿ ಹೆನ್ರಿ ಪಿಟ್‌ಮನ್ ಎಂಬ ಶಸ್ತ್ರವೈದ್ಯನೊಬ್ಬನಿದ್ದ. ಗಾಯಾಳುಗಳ ಶುಶ್ರೂಷೆ ಮಾಡಿದ್ದೇ ಅವನ ಅಪರಾಧ. ಚಿತ್ರದ ನಾಯಕ ಪೀಟರ್ ಬ್ಲಡ್‌ನ ಕಥೆಯೂ ಹೀಗೆಯೇ ಆರಂಭವಾಗುತ್ತದೆ. ಬ್ಲಡ್ ಸೆರೆಯಿಂದ ತಪ್ಪಿಸಿಕೊಂಡು ಕಡಲ್ಗಳ್ಳನಾಗುತ್ತಾನೆ, ಕೊನೆಗೆ ಗವರ್ನರ್ ಪದವಿಯನ್ನೇ ಏರುತ್ತಾನೆ. ಪಿಟ್‌ಮನ್ 1687ರಲ್ಲಿ ಬಾರ್ಬಡೋಸ್‌ನಿಂದ ಸಣ್ಣ ದೋಣಿಯಲ್ಲಿ ಪಾರಾದ. ನಿರ್ಜನ ದ್ವೀಪವೊಂದರಲ್ಲಿ ಎದುರಾದ ಕಡಲ್ಗಳ್ಳರು ತಮ್ಮೊಡನೆ ಸೇರೆಂದು ಕರೆದರು. ಅವನೂ ಅವನ ಸಂಗಡಿಗರೂ ಒಪ್ಪಲಿಲ್ಲ. ಕಡಲ್ಗಳ್ಳರು ಅವರ ದೋಣಿಯನ್ನೇ ಸುಟ್ಟುಹಾಕಿದರು. ಆಮೆಯ ಮಾಂಸ ತಿಂದು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡ ವೈದ್ಯ ಕೊನೆಗೆ ಊರು ಸೇರಿ, 1689ರಲ್ಲಿ ತನ್ನ ಅನುಭವವನ್ನು ಅಚ್ಚು ಹಾಕಿಸಿದ. ಅವನಿಗೆ ನಿಧಿಯೂ ಸಿಗಲಿಲ್ಲ, ಪದವಿಯೂ ಸಿಗಲಿಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಈ ಕೈದಿಗಳ ದುಡಿಮೆಗೆ ಹತ್ತು ವರ್ಷಗಳ ಗಡುವಿತ್ತು. 1688ರಲ್ಲಿ ಜೇಮ್ಸ್ ಸಿಂಹಾಸನ ಕಳೆದುಕೊಂಡ ಮೇಲೆ ಬದುಕುಳಿದವರಿಗೆ ಕ್ಷಮಾದಾನವೂ ದೊರೆಯಿತು. ಅದೇ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕದ ಜನರಿಗೆ ಯಾವ ಗಡುವೂ ಇರಲಿಲ್ಲ. ಅವರ ಮಕ್ಕಳೂ ಹುಟ್ಟಿನಿಂದಲೇ ಗುಲಾಮರು. ಬ್ರಿಟಿಷ್ ಸಂಸತ್ತು ಗುಲಾಮಗಿರಿಯನ್ನು ರದ್ದುಗೊಳಿಸುವ ಕಾನೂನು ಮಾಡಿದ್ದು 1833ರಲ್ಲಿ. ಚಿತ್ರದ ಕಥೆಯಲ್ಲಿ ಅವರಿಗೆ ಸ್ಥಾನವಿಲ್ಲ.

ಸಾಹಸಚಿತ್ರವನ್ನು ಸಂತೋಷದಿಂದಲೇ ನೋಡೋಣ. ಜೊತೆಗೆ, ನಾಯಕನ ಹಡಗು ತೀರ ಬಿಟ್ಟು ಹೊರಟಾಗ ಹಿಂದೆ ಉಳಿದವರು ಯಾರೆಂದು ಒಮ್ಮೆ ಕೇಳಿಕೊಂಡರೆ, ಚರಿತ್ರೆಯ ಓದು ಅಲ್ಲಿಂದ ಆರಂಭವಾಗುತ್ತದೆ.